ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಗಂಟೆ? ಟಿಕೆಟ್ ಡೆಸ್ಕ್‌ನಲ್ಲಿ ನಾನು ಕಲಿತದ್ದು

ಬೆಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಬುಕಿಂಗ್ ನನ್ನ ಕೆಲಸ. ಬರುವವರಲ್ಲಿ ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಾಗೆ ಹೊರಟ ಅಪ್ಪ-ಅಮ್ಮಂದಿರೇ ಜಾಸ್ತಿ. ಕೂತ ತಕ್ಷಣ ಕೇಳುವುದು ಎಷ್ಟು ದೂರ, ಎಷ್ಟು ಗಂಟೆ ಅಂತ. ದೂರ ಹೇಳುವುದು ಸುಲಭ, ನೇರವಾಗಿ ಅಳೆದರೆ ಸುಮಾರು 14,000 ಕಿಲೋಮೀಟರ್. ಗಂಟೆಯ ಲೆಕ್ಕವನ್ನು ಮಾತ್ರ ಅವಸರದಲ್ಲಿ ಹೇಳಬಾರದು ಅಂತ ಈ ಕೆಲಸ ನನಗೆ ಕಲಿಸಿದೆ.

ಟಿಕೆಟ್‌ನಲ್ಲಿ ಹೊರಡುವ ಸಮಯ ಇಲ್ಲಿನದು, ತಲುಪುವ ಸಮಯ ಅಲ್ಲಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ, ಇಳಿಯುವಾಗ ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ. ಟಿಕೆಟ್ ನೋಡಿದರೆ ಎರಡೂವರೆ ಗಂಟೆಯ ಪ್ರಯಾಣ! ಮೈಗೆ ಮಾತ್ರ ಆಗ ಬೆಳಿಗ್ಗೆ 6. ಬಿಪಿ ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ? ಅದಕ್ಕೇ ಟಿಕೆಟ್ ಜೊತೆ ಒಂದು ಚೀಟಿ ಬರೆದುಕೊಡುತ್ತೇನೆ. ಇಲ್ಲಿ ಮನೆ ಬಿಟ್ಟು ಅಲ್ಲಿ ಮನೆ ಸೇರುವವರೆಗೆ ಒಟ್ಟು ಎಷ್ಟು ಗಂಟೆ, ವಿಮಾನ ಇಳಿಯುವಾಗ ಬೆಂಗಳೂರಿನಲ್ಲಿ ಎಷ್ಟು ಗಂಟೆ, ಎಲ್ಲ ಅದರಲ್ಲಿರುತ್ತದೆ. ಡಾಕ್ಟರಿಗೆ ಈ ಚೀಟಿ ತೋರಿಸಿ, ಔಷಧಿ ಯಾವಾಗ ತಗೊಳ್ಳಬೇಕು ಅಂತ ಕೇಳಿಕೊಳ್ಳಿ ಎನ್ನುತ್ತೇನೆ.

ಹೋಗಲು ಹಿಡಿಯುವಷ್ಟೇ ಹೊತ್ತು ಬರಲೂ ಹಿಡಿಯುತ್ತದೆ ಅಂತಲೂ ಇಲ್ಲ. ಈ ಎರಡು ಊರುಗಳು ಉತ್ತರ ಧ್ರುವದ ಆಚೆ ಒಂದು, ಈಚೆ ಒಂದು ಇದ್ದ ಹಾಗೆ. ಗ್ಲೋಬ್ ಮೇಲೆ ದಾರ ಹಿಡಿದರೆ ಗೊತ್ತಾಗುತ್ತದೆ, ಹತ್ತಿರದ ದಾರಿ ಧ್ರುವದ ಪಕ್ಕದಲ್ಲೇ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಬೆಂಗಳೂರಿಗೆ ಬಂದದ್ದು ಆ ಧ್ರುವದ ದಾರಿಯಲ್ಲೇ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ನನಗೆ ಇಂದಿಗೂ ಅದು ಹೆಮ್ಮೆಯ ಸುದ್ದಿ. ಆದರೆ ಮೇಲೆ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಇರುತ್ತದೆ. ಹೋಗುವಾಗ ಪೆಸಿಫಿಕ್ ಮೇಲೆ ಹಾರಿದರೆ ಆ ಗಾಳಿಯೇ ಬೆನ್ನಿಗಿರುತ್ತದೆ. ಬರುವಾಗ ಅದೇ ದಾರಿ ಹಿಡಿದರೆ ಎದುರುಗಾಳಿ. ಹಾಗಾಗಿ ದೂರ ಸ್ವಲ್ಪ ಜಾಸ್ತಿಯಾದರೂ ಗಾಳಿ ಅನುಕೂಲ ಇರುವ ದಾರಿಯನ್ನೇ ಆರಿಸುತ್ತಾರೆ. ದೇಶಗಳ ಜಗಳವೂ ಸೇರಿಕೊಳ್ಳುತ್ತದೆ. 2022ರಲ್ಲಿ ರಷ್ಯಾದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಘೋಷಿಸಿದ್ದ ಬೆಂಗಳೂರು ನೇರ ವಿಮಾನ ಶುರುವಾಗಲೇ ಇಲ್ಲ.

ನೇರ ವಿಮಾನವೇ ಎಲ್ಲರಿಗೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಒಟ್ಟು 16,500 ಕಿಲೋಮೀಟರ್ ಆಗುತ್ತದೆ, ಇಡೀ ಒಂದು ದಿನ ಬೇಕು. ಆದರೆ ಮಂಡಿನೋವಿನವರಿಗೆ ನಡುವೆ ಎದ್ದು ಓಡಾಡಲು ಸಿಗುತ್ತದೆ. ವೀಲ್‌ಚೇರ್ ಮೊದಲೇ ಹೇಳಿಟ್ಟು, ನಡುವೆ ಮೂರು ಗಂಟೆ ಬಿಡುವು ಇಟ್ಟರೆ ಅದೇ ಸುಖ.

ವಾಪಸ್ ಬರುವ ಟಿಕೆಟ್ ಕೊಡುವಾಗ ತಾರೀಖಿನ ಕೆಳಗೆ ಗೆರೆ ಎಳೆಯುತ್ತೇನೆ. ಶನಿವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟವರು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುವುದು ಸೋಮವಾರ ನಸುಕಿನಲ್ಲಿ. ಕರೆದುಕೊಂಡು ಹೋಗಲು ಬರುವವರಿಗೂ ಭಾನುವಾರ ರಾತ್ರಿ ಎಂದೇ ಹೇಳಿಡಿ ಎನ್ನುತ್ತೇನೆ, ಯಾಕೆಂದರೆ ಅವರು ಮನೆ ಬಿಡಬೇಕಾದದ್ದು ಆಗಲೇ.