ತೆನೆ ಮನೆಗೆ ಬರುವ ದಿನ

ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಹೊಸ ತೆನೆಯ ಹಬ್ಬವಾದ ಮೊಂತಿ ಹಬ್ಬ ಹತ್ತಿರ ಬಂತೆಂದರೆ ಭತ್ತದ ತೆನೆ ಬಲಿತಿದೆಯೋ ಇಲ್ಲವೋ ಎಂಬುದೇ ಚಿಂತೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ದಿನಾಂಕ ಬದಲಾಗುವುದಿಲ್ಲ. ಅದರಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿಯೇ, ಅವರು ಪಾಪದ ಕಲೆಯಿಲ್ಲದೆ ತಾಯ ಗರ್ಭದಲ್ಲಿ ಮೂಡಿದ್ದನ್ನು ನೆನೆಯುವ ಅಮಲೋದ್ಭವದ ಹಬ್ಬ ಡಿಸೆಂಬರ್ 8ಕ್ಕೆ ಬಂದದ್ದು. ಗದ್ದೆ ಮಾತ್ರ ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಏಣೆಲು, ಅಂದರೆ ಮಳೆಗಾಲದ ಮೊದಲ ಬೆಳೆಯ ನಾಟಿ ತಡವಾದರೆ ಕಾಳಿನೊಳಗೆ ಇನ್ನೂ ಹಾಲೇ ಇರುತ್ತದೆ.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನಾ, ಅಂದರೆ ಹಬ್ಬಕ್ಕೆ ಮುಂಚಿನ ಪ್ರಾರ್ಥನೆ. ಮಕ್ಕಳು ದಿನವೂ ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ದಾಸವಾಳ, ಗೊರಟೆ, ಗೌರಿ ಹೂ, ಹಿತ್ತಲಲ್ಲಿ ಅರಳಿದ್ದೆಲ್ಲ ನಡೆಯುತ್ತದೆ. ಪೇಟೆಯಿಂದ ಕೊಂಡ ಹೂವಿಗಿಂತ ಅದೇ ಚೆಂದ. ಹಬ್ಬದ ದಿನ ಮಕ್ಕಳ ಕೈಗೆ ಕಬ್ಬು ಸಿಗುತ್ತದೆ.

ಮೊಂತಿ ಎಂಬುದು ಪೋರ್ಚುಗೀಸಿನ ‘ಮೊಂತೆ’, ಅಂದರೆ ಗುಡ್ಡ. ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ (ಚರ್ಚಿನಲ್ಲಿ) 1763ರಲ್ಲಿ ಗೋವಾ ಮೂಲದ ಧರ್ಮಗುರು ಜೋಕಿಂ ಮಿರಾಂದಾ ಇದನ್ನು ಆರಂಭಿಸಿದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಹೊಸ ಫಲವನ್ನು ಮೊದಲು ದೇವರಿಗೆ ಒಪ್ಪಿಸುವ ರೂಢಿ ಮಾತ್ರ ಈ ಮಣ್ಣಿನದೇ. ತುಳುವರ ಮನೆಗಳಲ್ಲೂ ಕುರಲ್, ಅಂದರೆ ತೆನೆ, ಕಟ್ಟುತ್ತಾರೆ.

ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಗುರುಗಳು ತೆನೆಯ ಕಟ್ಟಿಗೆ ತೀರ್ಥ ಚಿಮುಕಿಸಿ ಆಶೀರ್ವದಿಸುತ್ತಾರೆ. ಮೆರವಣಿಗೆಯಲ್ಲಿ ಅದನ್ನು ಒಳಗೆ ಒಯ್ದು ಬಲಿಪೂಜೆ (ಮಾಸ್) ಮುಗಿಸಿ ಮನೆಗೊಂದರಂತೆ ಹಂಚುತ್ತಾರೆ.

ಮನೆಯಲ್ಲಿ ತೆನೆ ಮೊದಲು ಅಲ್ತಾರಿನ (ದೇವರ ಪೀಠದ) ಮುಂದೆ ಕೂರುತ್ತದೆ. ಆಮೇಲೆ ಕಾಳು ಸುಲಿಯುವ ಕೆಲಸ, ಇಲ್ಲೇ ಅವಸರ ಮಾಡಿ ಕೆಡಿಸುವುದು. ಮಳೆಗೆ ನೆನೆದ ತೆನೆಯ ಹೊಟ್ಟು ಕಾಳಿಗೆ ಅಂಟಿಕೊಂಡೇ ಇರುತ್ತದೆ. ಬಿಸಿ ಕಾವಲಿಯ ಮೇಲೆ, ಬೆಂಕಿ ಆರಿಸಿದ ಮೇಲೆ, ಒಂದೆರಡು ನಿಮಿಷ ಹರಡಿದರೆ ಉಗುರಿನಿಂದ ಒತ್ತುತ್ತಲೇ ಸಿಪ್ಪೆ ಬಿರಿಯುತ್ತದೆ. ತುದಿಯ ಮುಳ್ಳಿನಂಥ ಎಳೆ ಉಳಿಯದಂತೆ ನೋಡಬೇಕು. ಮಕ್ಕಳ ಗಂಟಲಿಗೆ ಚುಚ್ಚುತ್ತದೆ. ತಲೆಗೊಂದೆರಡು ಕಾಳು ಸಾಕು. ನುಣ್ಣಗೆ ಅರೆದು ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಕುದಿಯುವ ಹಸುವಿನ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ, ಹಾಲಿಗಾದರೆ ಸಕ್ಕರೆಯೇ ಸರಿ. ಬೆಲ್ಲವೇ ಬೇಕೆಂದರೆ ತೆಂಗಿನ ಹಾಲು. ದಪ್ಪ ಹಾಲನ್ನು ಕೊನೆಗೆ ಹಾಕಿ ಕುದಿ ಬರುವ ಮೊದಲೇ ಇಳಿಸಬೇಕು.

ಪ್ರಾರ್ಥನೆ ಮುಗಿದು, ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಟ್ಟ ಮೇಲೆಯೇ ಎಲೆ ಹಾಕುವುದು. ಮೀನು, ಮಾಂಸ ಇಲ್ಲ. ಇದು ಉಪವಾಸವಲ್ಲ, ಹೊಲದ ಫಲಕ್ಕೆ ಸಲ್ಲುವ ಮರ್ಯಾದೆ. ಪಲ್ಯಗಳು ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸವಾಗಿರಬೇಕು. ಬೆಂಡೆ, ಅಲಸಂಡೆ, ಹೀರೆ, ಹಾಗಲ, ಹರಿವೆ ದಂಟು. ಕೆಸುವಿನ ದಂಟಿಗೆ ಅಂಬಟೆಯನ್ನೋ ಹುಣಸೆಯನ್ನೋ ಧಾರಾಳ ಹಾಕಿ ಚೆನ್ನಾಗಿ ಬೇಯಿಸಬೇಕು, ಇಲ್ಲದಿದ್ದರೆ ನಾಲಿಗೆ ತುರಿಸುತ್ತದೆ. ಅಡುಗೆಗೆ ಪುರುಸೊತ್ತಿಲ್ಲದೆ ಊಟ ಹೊರಗಿಂದ ತರಿಸಿದರೂ ತಪ್ಪಿಲ್ಲ. ಕಾಳನ್ನು ಮಾತ್ರ ಮನೆಯಲ್ಲೇ, ಎಲ್ಲರೂ ಸುತ್ತ ಕೂತು ಸುಲಿಯಬೇಕು.

ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವವರ ಪಾಲು ಬೇರೆ ತೆಗೆದಿಡುತ್ತಾರೆ. ಆ ಕಾಳನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಕಾಗದದಲ್ಲಿ ಮಡಚಿ ಕಳಿಸಬೇಕು. ಹಸಿಯಾಗಿ ಕಟ್ಟಿದರೆ ತಲುಪುವಷ್ಟರಲ್ಲಿ ಬೂಸ್ಟು ಹಿಡಿದಿರುತ್ತದೆ.