ಎಡಕ್ಕೆ ತಿರುಗುವ ಆ ಒಂದು ಜಾಗ

ಬೈಕ್ ರೇಸಿನ ಫಾರ್ಮಿನಲ್ಲಿ ವಯಸ್ಸು ಅಂತ ಇದ್ದ ಕಡೆ 62 ಅಂತ ಬರೆದೆ. ಅದರ ಕೆಳಗಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ಹೆಂಡತಿ ಪಕ್ಕದಲ್ಲೇ ಕೂತಿದ್ದಳು. "ನನ್ನ ಹೆಸರು ಬರೀರಿ, ಇನ್ಯಾರದ್ದು ಬರೀತೀರಿ?" ಅಂದಳು. ಬರೆದೆ. ಅವಳು ಎದ್ದು ಆಚೆ ಹೋದಳು.

ರೇಸ್ ಓಡಿಸುವ ಈ ಆಸೆ ಹುಟ್ಟಿದ್ದು ನನ್ನ 13ನೇ ವಯಸ್ಸಿನಲ್ಲಿ, 1975ರಲ್ಲಿ. ಇಟಲಿಯ ಬೈಕ್ ರೇಸರ್ ಜಿಯಾಕೊಮೊ ಅಗೊಸ್ಟಿನಿ ತನ್ನ 15ನೇ ವಿಶ್ವ ಚಾಂಪಿಯನ್ ಪಟ್ಟ ಗೆದ್ದ ವರ್ಷ ಅದು. 500 ಸಿಸಿ ವಿಭಾಗದಲ್ಲಿ ಟೂ ಸ್ಟ್ರೋಕ್ ಬೈಕ್ ಪಟ್ಟ ಗೆದ್ದಿದ್ದೂ ಆಗಲೇ ಮೊದಲು. ಗದ್ದವನ್ನು ಟ್ಯಾಂಕಿಗೆ ಒತ್ತಿ ಮಲಗಿದ್ದ ಅವನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. ಆಮೇಲೆ ಕೆಲಸ, ಮದುವೆ, ಮಕ್ಕಳು, ಸಾಲ. ಪ್ರತಿ ವರ್ಷವೂ "ಈ ವರ್ಷ ಬೇಡ" ಅಂದುಕೊಂಡೇ ನಿವೃತ್ತಿಯವರೆಗೆ ಬಂದೆ.

ನ್ಯೂಜಿಲೆಂಡಿನ ಬರ್ಟ್ ಮನ್ರೋ ಕಥೆ ಓದದೇ ಇದ್ದಿದ್ದರೆ ಅಲ್ಲೇ ಬಿಟ್ಟುಬಿಡುತ್ತಿದ್ದೆನೇನೋ. 1920ರ ಇಂಡಿಯನ್ ಸ್ಕೌಟ್ ಬೈಕನ್ನು ಆತ ನಲವತ್ತಕ್ಕೂ ಹೆಚ್ಚು ವರ್ಷ ತಿದ್ದುತ್ತಲೇ ಹೋದ. ಪಿಸ್ಟನ್‌ಗಳನ್ನು ತಾನೇ ಎರಕ ಹೊಯ್ದ. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಅದೇ ಬೈಕಿನಲ್ಲಿ ಗಂಟೆಗೆ 295 ಕಿಲೋಮೀಟರ್ ದಾಟಿ ದಾಖಲೆ ಮಾಡಿದ. ಓದಿ ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲ.

ಒಂದೂವರೆ ವರ್ಷ ತಯಾರಿ ನಡೆಸಿದೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕಣ್ಣು. ಕನ್ನಡಕ ಹಾಕಿಕೊಂಡು ಟ್ಯಾಂಕಿನ ಮೇಲೆ ಬಗ್ಗಿದರೆ ನೋಟ ಫ್ರೇಮಿನ ಮೇಲಂಚು ದಾಟಿ ಹೋಗುತ್ತದೆ, ಎದುರಿನ ತಿರುವೆಲ್ಲ ಮಸುಕು. ಈ ವಯಸ್ಸಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವುದು ಕಲಿತೆ. ಇನ್ನು ತೊಡೆ. ಬ್ರೇಕ್ ಒತ್ತಿದಾಗ ಮೈಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ತೊಡೆಗಳಿಂದ ಟ್ಯಾಂಕನ್ನು ಬಿಗಿಯಾಗಿ ಹಿಡಿಯದಿದ್ದರೆ ಆ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ಹ್ಯಾಂಡಲ್ ಸೆಟೆದುಕೊಳ್ಳುತ್ತದೆ. ಅದಕ್ಕೇ ದಿನಾ ಬೆಳಗ್ಗೆ ಬಸ್ಕಿ ಹೊಡೆದೆ.

ರೇಸಿನ ದಿನ ಬೆಳಗ್ಗೆ ಬೈಕಿನ ತಪಾಸಣೆ. ಕನ್ನಡಿ ಬಿಚ್ಚಿದ್ದೆ, ದೀಪಕ್ಕೆ ಟೇಪ್ ಸುತ್ತಿದ್ದೆ. ಆಯಿಲ್ ಬೋಲ್ಟಿಗೆ ತೂತು ಕೊರೆದು, ಸಡಿಲವಾಗದಂತೆ ತಂತಿ ಬಿಗಿದಿದ್ದೆ. ರೇಡಿಯೇಟರಿನಲ್ಲಿ ಎಂಜಿನ್ ತಣಿಸುವ ಕೂಲೆಂಟ್ ದ್ರವದ ಬದಲು ಬರೀ ನೀರು. ಕೂಲೆಂಟ್ ಚೆಲ್ಲಿದರೆ ಹಿಂದೆ ಬರುವವರು ಜಾರಿ ಬೀಳುತ್ತಾರೆ, ಅದಕ್ಕೆ. ತಪಾಸಣೆ ಮಾಡುತ್ತಿದ್ದವರು ಮಂಡಿಯೂರಿ ಕೂತು ನನ್ನ ತಂತಿಯನ್ನು ಬೆರಳಿನಿಂದ ಎಳೆದು ನೋಡಿದರು. "ಯಾರು ಕಟ್ಟಿದ್ದು ಸರ್?" "ನಾನೇ." "ಚೆನ್ನಾಗಿದೆ." ಆ ಮಾತು ನನಗೆ ಎಷ್ಟು ಬೇಕಾಗಿತ್ತು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಅಭ್ಯಾಸದ ಮೂರನೇ ಸುತ್ತಿನಲ್ಲಿ ಬಿದ್ದೆ.

ಆ ಟ್ರ್ಯಾಕಿನಲ್ಲಿ ಬಲತಿರುವುಗಳೇ ಜಾಸ್ತಿ. ಸಾಲಾಗಿ ಐದು ಬಲತಿರುವು ಮುಗಿದ ಮೇಲೆ ಒಂದು ಎಡತಿರುವು ಬರುತ್ತದೆ. ಅಷ್ಟು ಹೊತ್ತು ಟೈರಿನ ಬಲಭಾಗ ಮಾತ್ರ ಬಿಸಿಯಾಗಿರುತ್ತದೆ, ಎಡಭಾಗ ತಣ್ಣಗಾಗಿರುತ್ತದೆ. ತಣ್ಣಗಿನ ರಬ್ಬರಿಗೆ ಹಿಡಿತ ಕಡಿಮೆ. ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಇದರ ಉಲ್ಟಾ, ಆ ಟ್ರ್ಯಾಕಿನ 13 ತಿರುವುಗಳಲ್ಲಿ 10 ಎಡತಿರುವು. ತುಂಬ ಹೊತ್ತಿನ ಮೇಲೆ ಬರುವ ಬಲತಿರುವಿನಲ್ಲಿ ಮೋಟೋಜಿಪಿ ಅನ್ನುವ ವಿಶ್ವ ಚಾಂಪಿಯನ್‌ಶಿಪ್‌ನ ಸವಾರರೇ ಬಿದ್ದಿದ್ದಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬ್ರೇಕನ್ನು ಒಮ್ಮೆಲೇ ಬಿಟ್ಟು ಬೈಕನ್ನು ಒಮ್ಮೆಲೇ ವಾಲಿಸಿದೆ. ಮುಂದಿನ ಚಕ್ರ ಮಡಚಿಕೊಂಡಿತು. ಮರುಕ್ಷಣ ಬೆನ್ನ ಮೇಲೆ ಜಾರುತ್ತಿದ್ದೆ, ಎದುರಿಗೆ ಬರೀ ಆಕಾಶ. ಚರ್ಮದ ಸೂಟು ನೆಲಕ್ಕೆ ಉಜ್ಜುವ ಸದ್ದು ಈಗಲೂ ಕಿವಿಯಲ್ಲಿದೆ.

ತಲೆ ನೆಲಕ್ಕೆ ತಾಗಿರಲಿಲ್ಲ. ಮೊಣಕೈ ತರಚಿತ್ತು, ಬ್ರೇಕ್ ಲಿವರ್ ಬಾಗಿತ್ತು. ವೈದ್ಯರು ಕೈಕಾಲು ಆಡಿಸಿ ನೋಡಿ ಓಡಿಸಬಹುದು ಅಂದರು. ನನಗೆ ಕಲಿಸಿದ ಹುಡುಗ ನನ್ನ ಮಗನಿಗಿಂತ ಚಿಕ್ಕವನು. ಲಿವರ್ ಬದಲಾಯಿಸುತ್ತಲೇ ಹೇಳಿದ: "ಸರ್, ನೀವು ಬ್ರೇಕ್ ಹಿಡಿಯೋದು ಸರಿಯಾಗಿದೆ, ಬಿಡೋದು ಸರಿಯಿಲ್ಲ. ಬೈಕ್ ಎಷ್ಟೆಷ್ಟು ವಾಲುತ್ತೋ ಅಷ್ಟಷ್ಟೇ ಬಿಡಿ." ಹೆಂಡತಿ ಏನೂ ಹೇಳಲಿಲ್ಲ. ಮೊಣಕೈಗೆ ಮುಲಾಮು ಹಚ್ಚಿ, ಸೂಟಿನ ಜಿಪ್ ಕತ್ತಿನವರೆಗೆ ಎಳೆದಳು.

ರೇಸಿನಲ್ಲಿ 18 ಬೈಕು, ಎಲ್ಲ 300 ಸಿಸಿ, ಎಂಟು ಸುತ್ತು. ನನ್ನ ಜಾಗ ಕೊನೆಯ ಸಾಲಿನಲ್ಲಿ. ಪಕ್ಕದಲ್ಲಿದ್ದ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಹೆಲ್ಮೆಟ್ಟಿನ ಗಾಜು ಎತ್ತಿ, "ಅಂಕಲ್, ಮೊದಲನೇ ತಿರುವಿನಲ್ಲಿ ನಾನು ಒಳಗಡೆಯಿಂದ ಬರ್ತೀನಿ, ಗಾಬರಿ ಆಗ್ಬೇಡಿ" ಅಂದ. ಕೆಂಪು ದೀಪ ಹತ್ತಿತು. ಆರಿತು. ಹೇಳಿದ ಹಾಗೇ ಒಳಗಡೆಯಿಂದ ಹೋದ.

ಮೊದಲ ನಾಲ್ಕು ಸುತ್ತು ಆ ಎಡತಿರುವಿಗೆ ಬಂದಾಗಲೆಲ್ಲ ಕೈ ತಾನಾಗಿ ಬಿಗಿಯುತ್ತಿತ್ತು. ನೀಲಿ ಬಾವುಟ ಕಂಡಿತು. ಮುಂಚೂಣಿಯವರು ಒಂದು ಸುತ್ತು ಮುಂದಾಗಿ ಹಿಂದಿನಿಂದ ಬರುತ್ತಿದ್ದಾರೆ ಅಂತ ಅರ್ಥ. ಆಗ ಅತ್ತಿತ್ತ ಸರಿಯಬಾರದು, ಹೋಗುತ್ತಿದ್ದ ದಾರಿಯಲ್ಲೇ ಹೋಗಬೇಕು. ಹಾಗೇ ಹೋದೆ. ಮೂವರು ಸುಂಯ್ ಅಂತ ದಾಟಿದರು. ಅವರಲ್ಲಿ ಕೊನೆಯವನು ಎಡತಿರುವಿನಲ್ಲಿ ನನ್ನ ಕಣ್ಣೆದುರೇ ವಾಲಿದ. ಅವನ ಎರಡು ಬೆರಳು ಬ್ರೇಕ್ ಲಿವರಿನ ಮೇಲೇ ಇದ್ದವು, ತಿರುವಿನ ಅರ್ಧದವರೆಗೂ. ಹಸಿಗಾಯ ಮುಟ್ಟುವ ಹಾಗೆ ಅಷ್ಟು ಮೆಲ್ಲಗೆ ಬಿಡುತ್ತಿದ್ದ.

ಆರನೇ ಸುತ್ತಿನಲ್ಲಿ ನಾನೂ ಹಾಗೇ ಬಿಟ್ಟೆ. ಬೈಕು ತಾನಾಗಿ ಒಳಕ್ಕೆ ತಿರುಗಿತು. ಮಂಡಿ ನೆಲಕ್ಕೆ ಸವರಿತು, ಸಣ್ಣಗೆ ಚರ್ ಅಂದಿತು. ಹೆಲ್ಮೆಟ್ಟಿನೊಳಗೆ ಜೋರಾಗಿ ಏನೋ ಕೂಗಿದೆ, ಏನು ಅಂತ ನೆನಪಿಲ್ಲ. ಏಳನೇ ಸುತ್ತಿನಲ್ಲಿ ಅದೇ ತಿರುವಿನಲ್ಲಿ ಒಬ್ಬರನ್ನು ದಾಟಿದೆ. 15ನೆಯವನಾಗಿ ಮುಗಿಸಿದೆ. ಒಂದು ಸುತ್ತು ಹಿಂದೆ ಬಿದ್ದಿದ್ದರಿಂದ ನನ್ನದು ಏಳೇ ಸುತ್ತು. ಸಮಯದ ಚೀಟಿ ಕೈಗೆ ಬಂದಾಗ ನೋಡಿದರೆ ನನ್ನ ಅತಿ ವೇಗದ ಸುತ್ತು ಆ ಏಳನೆಯದೇ.

ಬೈಕಿನಿಂದ ಇಳಿದೆ, ಆದರೆ ಬೆರಳುಗಳು ಬಿಚ್ಚಲಿಲ್ಲ. ಮುಂಗೈ ಕಲ್ಲಾಗಿತ್ತು. ಹೆಂಡತಿ ಗ್ಲೌಸನ್ನು ಒಂದೊಂದೇ ಬೆರಳು ಹಿಡಿದು ಎಳೆದು ತೆಗೆದಳು. ಮುಂದಿನ ರೇಸಿಗೆ ಹೆಸರು ಕೊಡಲು ಅವತ್ತು ಸಂಜೆಯೇ ಕೊನೆ. ಫಾರ್ಮ್ ತಂದೆ, ಪೆನ್ನು ಹಿಡಿಯಲಾಗಲಿಲ್ಲ. "ಕೊಡಿ ಇಲ್ಲಿ" ಅಂದಳು. ಮಡಿಲ ಮೇಲೆ ಫಾರ್ಮ್ ಇಟ್ಟುಕೊಂಡು, ಮೊದಲು ಆ ತುರ್ತಿನ ಸಾಲಿನಲ್ಲಿ ತನ್ನ ಹೆಸರು ಬರೆದಳು.