ಅದಲ್ಲ ಪುಟ್ಟಾ, ಮೂಲೆ ನೋಡು

ಈ ಭಾನುವಾರದ ಸೀಕ್ವೆನ್ಸ್ ಆಟಕ್ಕೆ ಹನ್ನೆರಡು ಮಂದಿ ಕೂತಿದ್ದರು, ಆರಾರು ಜನರ ಎರಡು ತಂಡ. ಇಸ್ಪೀಟೆಲೆಗಳ ಚಿತ್ರವಿರುವ ಬೋರ್ಡಿನಲ್ಲಿ ಒಂದೊಂದು ಎಲೆಗೂ ಎರಡು ಮನೆ; ಕೈಯಲ್ಲಿನ ಎಲೆ ಇಳಿಸಿ, ಅದರ ಮನೆಯ ಮೇಲೆ ತಂಡದ ಬಣ್ಣದ ಬಿಲ್ಲೆ ಇಟ್ಟು, ಐದೈದರ ಎರಡು ಸಾಲು ಮೊದಲು ಕಟ್ಟಿದ ತಂಡ ಗೆಲ್ಲುತ್ತದೆ. ನಾಲ್ಕು ದಿನವಾದರೂ ಕಿವಿಯಲ್ಲಿ ಉಳಿದಿರುವುದು ಅಜ್ಜಿಯ ಬಾಯಿಂದ ಬಂದ ನಾಲ್ಕೇ ಪದ: "ಅದಲ್ಲ ಪುಟ್ಟಾ, ಮೂಲೆ ನೋಡು."

ಅಜ್ಜಿಯ ತಂಡದಲ್ಲೇ ಇದ್ದ ಮೊಮ್ಮಗ ಆಗಷ್ಟೇ ಒಂದು ಎಲೆ ಇಳಿಸಲು ಕೈ ಚಾಚಿದ್ದ. ಬೋರ್ಡಿನ ಮೇಲಂಚಿನಲ್ಲಿ, ಮೂಲೆಗೆ ತಾಗಿಕೊಂಡು, ಎದುರು ತಂಡದ ಮೂರು ನೀಲಿ ಬಿಲ್ಲೆಗಳು ಇಸ್ಪೀಟಿನ ಎರಡು, ಮೂರು, ನಾಲ್ಕರ ಮೇಲೆ ಸಾಲಾಗಿ ಕೂತಿದ್ದವು. ಮೂಲೆಯ ಮನೆ ಎರಡೂ ತಂಡದ್ದು, ಅಲ್ಲಿ ಯಾರೂ ಬಿಲ್ಲೆ ಇಡಬೇಕಿಲ್ಲ. ಹಾಗಾಗಿ ಮೂಲೆ ಸೇರಿದ ಸಾಲಿಗೆ ಐದರ ಬದಲು ನಾಲ್ಕು ಬಿಲ್ಲೆ ಸಾಕು. ಇಸ್ಪೀಟಿನ ಐದರ ಮೇಲೆ ಇನ್ನೊಂದು ಬಿದ್ದರೆ ನೀಲಿಯವರ ಎರಡನೇ ಸಾಲು ತುಂಬಿ ಆಟ ಮುಗಿಯುತ್ತಿತ್ತು. ಅಜ್ಜಿ ಕಂಡದ್ದು ಸರಿ. ಬಾಯಿಬಿಟ್ಟದ್ದು ತಪ್ಪು.

1982ರಲ್ಲಿ ಬಂದ ಈ ಆಟದ ನಿಯಮಗಳು ಕೆಲವೇ. ಅವುಗಳಲ್ಲಿ ಜನ ಓದಿಯೂ ಪಾಲಿಸದ್ದು ಇದೊಂದೇ: ಆಡುವವನಿಗೆ ತನ್ನ ತಂಡದವರು ಸುಳಿವು ಕೊಟ್ಟರೆ ಆ ತಂಡದ ಪ್ರತಿಯೊಬ್ಬರೂ ಕೈಯಲ್ಲಿನ ಒಂದು ಎಲೆ ಬಿಡಬೇಕು. ಯಾವ ಎಲೆ ಎನ್ನುವುದು ಅವರವರ ಇಷ್ಟ. ಇಬ್ಬರೇ ಆಡುವಾಗ ತಲಾ ಏಳು ಎಲೆ ಸಿಗುತ್ತದೆ, ನಾಲ್ವರಿದ್ದರೆ ಆರು, ಆರು ಜನಕ್ಕೆ ಐದು. ಹತ್ತರಿಂದ ಹನ್ನೆರಡು ಜನ ಕೂತರೆ ಮೂರೇ. ಮೂರರಲ್ಲಿ ಒಂದನ್ನು ಕಳೆದುಕೊಳ್ಳುವುದು ಸಣ್ಣ ಪೆಟ್ಟಲ್ಲ.

"ಹೋಗ್ಲಿ ಬಿಡಮ್ಮ, ಮನೆಯವರೇ ತಾನೆ," ಎಂದರು ಎದುರು ತಂಡದಲ್ಲಿದ್ದ ಮಗ.

"ಬಿಡೋದು ಎಲೆ ಕಣೋ, ನಿಯಮ ಅಲ್ಲ," ಎಂದು ಅಜ್ಜಿಯೇ ಮೊದಲು ತನ್ನ ಎಲೆ ಕೆಳಗಿಟ್ಟರು.

ಮಗನದು ಒಳ್ಳೆಯ ಮನಸ್ಸೇ. ಆದರೆ ಇಂಥ ಒಳ್ಳೆಯತನದಿಂದಲೇ ದೊಡ್ಡ ಗುಂಪಿನ ಆಟ ಹಾಳಾಗುತ್ತದೆ. ಹನ್ನೆರಡು ಜನರಿದ್ದಾಗ ಒಮ್ಮೆ ಆಡಿದವರಿಗೆ ಮತ್ತೆ ಸರದಿ ಬರಲು ಹನ್ನೊಂದು ಜನ ಆಡಬೇಕು. ಅಷ್ಟು ಕಾದು ಸಿಕ್ಕ ಒಂದು ಸರದಿಯನ್ನೂ ಪಕ್ಕದವರು ಹೇಳಿದಂತೆ ಆಡುವುದಾದರೆ ಆ ಕುರ್ಚಿಯಲ್ಲಿ ಮಗು ಯಾಕೆ ಕೂರಬೇಕು? ಸುಳಿವಿಗೆ ಮಾಫಿ ಇದ್ದಲ್ಲಿ ಪ್ರತಿ ತಂಡದಲ್ಲೂ ಚುರುಕಾದ ಒಬ್ಬರೇ ಆಡುತ್ತಾರೆ, ಉಳಿದವರು ಅವರ ಪರವಾಗಿ ಎಲೆ ಹಿಡಿದಿರುತ್ತಾರೆ. ಮೇಜಿನ ಸುತ್ತ ಹರಟೆ, ನಗು, ಛೇಡಿಸುವುದು ಎಲ್ಲ ಇರಲಿ, ಬೇಡವಾದದ್ದು ಸಲಹೆಯೊಂದೇ. ಕೆಮ್ಮುವುದು, ಹುಬ್ಬು ಹಾರಿಸುವುದು, ಮೂಲೆಯತ್ತ ಗಲ್ಲ ತಿರುಗಿಸುವುದು ಕೂಡ ಸಲಹೆಯೇ. ಪೆಟ್ಟಿಗೆ ತೆರೆಯುವ ಮೊದಲೇ ಇದನ್ನು ಎಲ್ಲರಿಗೂ ಹೇಳಿಬಿಟ್ಟರೆ ಜಗಳ ಅರ್ಧ ಕಡಿಮೆ.

ಕೂರುವ ಕ್ರಮವನ್ನೂ ಆಗಲೇ ನೋಡಿಕೊಳ್ಳಬೇಕು. ಒಂದು ತಂಡದ ಇಬ್ಬರು ಅಕ್ಕಪಕ್ಕ ಕೂತರೆ ಆ ತಂಡ ಸತತ ಎರಡು ಸಲ ಆಡಿದಂತಾಗುತ್ತದೆ. ಐದು, ಏಳು, ಹನ್ನೊಂದು ಜನ ಸಮ ತಂಡಗಳಾಗಿ ಒಡೆಯುವುದಿಲ್ಲ, ಒಬ್ಬರು ಹೊರಗೆ ಕೂತು ಪಂಚಾಯ್ತಿ ಮಾಡಲಿ. ಮೂರು ತಂಡ ಮಾಡಿದರೆ ಗೆಲ್ಲಲು ಒಂದೇ ಸಾಲು ಸಾಕು. ಹನ್ನೆರಡು ಜನಕ್ಕೆ ನನ್ನ ಮತ ಎರಡು ತಂಡ, ಎರಡು ಸಾಲಿಗೇ.

ಇನ್ನೊಂದು ತಪ್ಪು ಸದ್ದಿಲ್ಲದೆ ಆಗುತ್ತದೆ. ಎಲೆ ಇಳಿಸಿ, ಬಿಲ್ಲೆ ಇಟ್ಟು, ಕಟ್ಟಿನಿಂದ ಹೊಸ ಎಲೆ ತೆಗೆಯಲು ಮರೆಯುವುದು. ಮುಂದಿನವರು ಆಡಿ ತಮ್ಮ ಎಲೆ ಎತ್ತಿಕೊಂಡರೆ ನಿಮ್ಮ ಹಕ್ಕು ಹೋಯಿತು, ಆಟ ಮುಗಿಯುವವರೆಗೆ ಒಂದು ಎಲೆ ಕಡಿಮೆ. ಮಾತಿನ ಭರದಲ್ಲಿ ದೊಡ್ಡವರೇ ಹೆಚ್ಚು ಮರೆಯುತ್ತಾರೆ. ಕೈಯಲ್ಲಿರುವ ಎಲೆಯ ಎರಡೂ ಮನೆ ತುಂಬಿಹೋಗಿದ್ದರೆ ಅದು ಸತ್ತ ಎಲೆ. ನಿಮ್ಮ ಸರದಿಯಲ್ಲಿ ಅದನ್ನು ತೋರಿಸಿ ಬದಲಿಸಿಕೊಂಡು ಆಡಬಹುದು, ಒಂದು ಸರದಿಗೆ ಒಂದೇ.

ಮತ್ತೆ ಆ ಮೂಲೆಗೆ ಬರುತ್ತೇನೆ. ಅಜ್ಜಿ ಹೇಳಿದ್ದು ಎಲ್ಲಿ ನೋಡಬೇಕು ಎಂದಷ್ಟೆ. ಏನು ಮಾಡಬೇಕು ಎನ್ನುವುದು ಹುಡುಗನಿಗೇ ಉಳಿದಿತ್ತು. ಅವನ ಕೈಯಲ್ಲಿ ಆಟೀನ್ ಗುಲಾಮನಿದ್ದ. ಎರಡು ಕಟ್ಟಿನ 104 ಎಲೆಗಳಲ್ಲಿ ಗುಲಾಮರು ಎಂಟು, ಬೋರ್ಡಿನಲ್ಲಿ ಅವರಿಗೆ ಮನೆಯಿಲ್ಲ. ಎರಡು ಕಣ್ಣು ಕಾಣುವ ಡೈಮಂಡ್ ಮತ್ತು ಕಳಾವರ್ ಗುಲಾಮರಿಂದ ಖಾಲಿಯಿರುವ ಯಾವ ಮನೆಯಲ್ಲಾದರೂ ಬಿಲ್ಲೆ ಇಡಬಹುದು. ಒಂದೇ ಕಣ್ಣು ಕಾಣುವ ಇಸ್ಪೀಟ್ ಮತ್ತು ಆಟೀನ್ ಗುಲಾಮರಿಂದ ಎದುರಾಳಿಯ ಒಂದು ಬಿಲ್ಲೆ ಎತ್ತಬಹುದು, ಆದರೆ ಪೂರ್ತಿಯಾದ ಸಾಲನ್ನು ಮುಟ್ಟುವಂತಿಲ್ಲ. ಎತ್ತಿದ ಮೇಲೆ ಸರದಿ ಮುಗಿಯಿತು, ಅದೇ ಸರದಿಯಲ್ಲಿ ಅಲ್ಲಿ ನಿಮ್ಮ ಬಿಲ್ಲೆ ಇಡಲಾಗದು.

ಹೆಚ್ಚಿನವರು ಇಲ್ಲಿ ಖಾಲಿ ಮನೆಗೆ ತಾಗಿದ ಬಿಲ್ಲೆಯನ್ನೇ ಎತ್ತುತ್ತಾರೆ, ಇಲ್ಲಿ ಅದು ನಾಲ್ಕರ ಮೇಲಿನದು. ಪುಟ್ಟ ಹಾಗೆ ಮಾಡಲಿಲ್ಲ. ಎಲ್ಲರ ಮುಂದೆ ಇಳಿಸಿಟ್ಟಿದ್ದ ಎಲೆಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದ, ಬೋರ್ಡಿನಲ್ಲಿ ಇಸ್ಪೀಟಿನ ಇನ್ನೊಂದು ಮೂರನ್ನು ಹುಡುಕಿದ. ಅದರ ಮೇಲೂ ಬಿಲ್ಲೆಯಿತ್ತು. ಇರುವ ಎರಡು ಮೂರುಗಳೂ ಖರ್ಚಾಗಿದ್ದವು. ಆ ಮನೆ ಖಾಲಿಯಾದರೆ, ಕಟ್ಟು ಮುಗಿದು ಮತ್ತೆ ಕಲೆಸುವವರೆಗೆ, ಎರಡು ಕಣ್ಣಿನ ಗುಲಾಮನಿಲ್ಲದೆ ಅದನ್ನು ತುಂಬಲು ಯಾರಿಂದಲೂ ಆಗದು. ಹನ್ನೆರಡು ಜನಕ್ಕೆ ಹಂಚಿದ ಮೇಲೆ ಕಟ್ಟಿನಲ್ಲಿ ಉಳಿಯುವುದು 68 ಎಲೆ. ಅದು ಮುಗಿಯಲು ಇನ್ನೂ ಬಹಳ ಹೊತ್ತಿತ್ತು.

ಹುಡುಗ ಗುಲಾಮನನ್ನು ಕೆಳಗಿಟ್ಟು, ಮೂರರ ಮೇಲಿನ ನೀಲಿ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ದೊಡ್ಡಪ್ಪನ ಮುಂದಿಟ್ಟ. ಆಮೇಲೆ ಮರೆಯದೆ ಕಟ್ಟಿನಿಂದ ಒಂದು ಎಲೆ ತೆಗೆದುಕೊಂಡ. ಅಜ್ಜಿ ತುಟಿ ಬಿಗಿಹಿಡಿದು, ತನ್ನ ಕೈಯಲ್ಲಿ ಉಳಿದ ಎರಡೆಲೆಗಳನ್ನೇ ನೋಡುತ್ತಿದ್ದರು.